ಚೆನ್ನೈ ಮೊದಲೇ ಕಂಡಿತ್ತು

ಮದ್ರಾಸ್ ಐಐಟಿಯ ಪ್ರೊ. ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ 1990ರ ದಶಕದಲ್ಲೇ ಮಿಡಾಸ್ ಕಂಪನಿಯೊಂದಿಗೆ ‘ಕಾರ್‌ಡೆಕ್ಟ್’ ರೂಪಿಸಿತು. ಗೋಡೆಗೆ ತಗುಲಿಸಿದ ಪುಟ್ಟ ಪೆಟ್ಟಿಗೆ. ತಂತಿಯ ಹಂಗಿಲ್ಲದೆ ಫೋನ್ ಮಾತು, ಜೊತೆಜೊತೆಗೇ ಸೆಕೆಂಡಿಗೆ 35 ಕಿಲೋಬಿಟ್ ವೇಗದ ಇಂಟರ್ನೆಟ್. ತಮಿಳುನಾಡಿನ ಹಳ್ಳಿಗಳ ಕಿಯೋಸ್ಕ್‌ಗಳಿಗೆ ಅದು ಸಂಪರ್ಕ ಕೊಟ್ಟಿತು. ಬೆಲೆ ಕೈಗೆಟುಕಿದರೆ ಬಡವರೂ ಡೇಟಾ ಬಳಸುತ್ತಾರೆಂಬ ಆ ತಂಡದ ನಂಬಿಕೆ ಎಷ್ಟು ಸರಿಯೆಂಬುದನ್ನು 2016ರಲ್ಲಿ ಬಂದ ಜಿಯೋ ತೋರಿಸಿತು. ಆದರೆ ತಮಿಳುನಾಡಿನಲ್ಲಿ ಬೆಳೆದ ಮೊಬೈಲ್ ಕಂಪನಿ ಏರ್‌ಸೆಲ್, ಜಿಯೋ ಬಂದ ಮೇಲಿನ ದರಸಮರವನ್ನು ತಾಳಲಾರದೆ 2018ರಲ್ಲಿ ದಿವಾಳಿಯಾಯಿತು. ಮುಂಗಾಣುವವರಿಗೆ ನಮ್ಮಲ್ಲಿ ಬರವಿಲ್ಲ, ಬರವಿರುವುದು ತಾಳ್ಮೆಯ ಬಂಡವಾಳಕ್ಕೆ. 2022ರಲ್ಲಿ ಉದ್ಘಾಟನೆಗೊಂಡ 5ಜಿ ಪರೀಕ್ಷಾ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಮದ್ರಾಸ್ ಐಐಟಿಯ ಜೊತೆ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಇದೆ. ಇಂಥ ಪ್ರಯೋಗಾಲಯಗಳಿಗೆ ಹತ್ತು ವರ್ಷ ಕಾಯಬಲ್ಲ ಹಣವನ್ನು ಸರ್ಕಾರವೂ ಉದ್ಯಮಿಗಳೂ ಈಗಲೇ ತೊಡಗಿಸಲಿ.