ದಣಿದ ಮಗುವೂ ಅಪ್ಪಂದಿರ ಹಟವೂ

ಊರಿಂದ ನೆಂಟರು ಬಂದರೆ ನಮ್ಮ ಮುಂಬಯಿ ಕನ್ನಡಿಗರಿಗೆ ಒಂದು ಹುಚ್ಚು. ಒಂದೇ ಭಾನುವಾರದಲ್ಲಿ ಗೇಟ್‌ವೇ, ಎಲಿಫೆಂಟಾ, ರಾಣಿಬಾಗ್, ಜುಹೂ ಎಲ್ಲಾ ಮುಗಿಸಿಬಿಡಬೇಕು! ಎಲಿಫೆಂಟಾಕ್ಕೆ ಲಾಂಚಿನಲ್ಲಿ ಹೋಗುವುದಕ್ಕೇ ಸುಮಾರು ಒಂದು ಗಂಟೆ, ಬರುವುದಕ್ಕೆ ಇನ್ನೊಂದು. ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಭಾನುವಾರ ಅಂದರೆ ಮೆಗಾಬ್ಲಾಕ್ ಬೇರೆ. ಲೋಕಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ಕು ವರ್ಷದ ಕೂಸು ಸಂಜೆಗೆ ರಚ್ಚೆ ಹಿಡಿಯದೆ ಇನ್ನೇನು ಮಾಡೀತು ಸ್ವಾಮಿ? ನಾವೋ, ಹಟಮಾರಿ ಅಂತ ಗದರುತ್ತೇವೆ.

ನಾನೇನು ಸಾಚಾ ಅಲ್ಲ. 2003ರಲ್ಲಿ ಇಂಥದ್ದೇ ತಿರುಗಾಟ ಮುಗಿಸಿ ಬರುವಾಗ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಮಗಳಿಗೆ ಹೊಡೆದೆ. ಅವಳಿಗೀಗ ಗುಹೆಯ ತ್ರಿಮೂರ್ತಿ ನೆನಪಿಲ್ಲ, ಆ ಏಟು ಚೆನ್ನಾಗಿ ನೆನಪಿದೆ.

"ದುಡ್ಡು ಕೊಟ್ಟಿದ್ದೇವೆ, ವಸೂಲಾಗಬೇಡವೇ?" ಅನ್ನುತ್ತಾರೆ. ಬ್ಯಾಂಕಿನವನಾಗಿ ಹೇಳುತ್ತೇನೆ, ಈ ಲೆಕ್ಕ ತಪ್ಪು. ಟಿಕೆಟ್ಟಿನ ದುಡ್ಡು ಆಗಲೇ ಖರ್ಚಾಗಿದೆ. ಮಗುವನ್ನು ಎಳೆದಾಡಿದರೆ ವಾಪಸು ಬರುವುದಿಲ್ಲ. ದಿನಕ್ಕೆ ಒಂದೇ ಜಾಗ ನೋಡಿ. ಮಗು ಕಣ್ಣು ಉಜ್ಜಿಕೊಳ್ಳಲು ಶುರುಮಾಡಿದರೆ, ನೆಂಟರು ಮುಖ ಊದಿಸಿದರೂ ಸರಿ, ಮನೆಗೆ ಹೊರಡಿ. ಎಲಿಫೆಂಟಾ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಸೋಮವಾರ ಮಾತ್ರ ರಜಾ!