ಗೋಡೆಗೆ ನೇತುಹಾಕಿದ ಸೈಕಲ್ಲು

ಬೆಂಗಳೂರಿನ ಉಳ್ಳವರಿಗೆ ಈಗ ಹಳೇ ಸೈಕಲ್ಲಿನ ಮೇಲೆ ಪ್ರೀತಿ ಉಕ್ಕಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಕೊಟ್ಟಿಗೆ ಅಟ್ಟದ ಮೇಲೆ ಬಿದ್ದಿರೋ ರ‍್ಯಾಲಿ, ಬಿಎಸ್ಎ, ಹರ್ಕ್ಯುಲಿಸ್ ಫ್ರೇಮುಗಳನ್ನು ಗುಜರಿ ರೇಟಿಗೆ ತೂಗಿಸಿಕೊಂಡು ಹೋಗ್ತಾರೆ. ಬಣ್ಣ ಬಳಿಸಿ, ಕ್ರೋಮ್ ಹಾಕಿಸಿ, ಹೋಟೆಲಿನ ಗೋಡೆಗೆ ನೇತು ಹಾಕ್ತಾರೆ. ಕೇಳಿದರೆ ‘ಪರಂಪರೆ ಉಳಿಸ್ತಿದ್ದೀವಿ’ ಅಂತಾರೆ. ಯಾರ ಪರಂಪರೆ ಸ್ವಾಮಿ?

ನಮ್ಮ ಜನಕ್ಕೆ ಸೈಕಲ್ಲು ಅಲಂಕಾರದ ಸಾಮಾನಲ್ಲ. ಕೇರಿಯ ಹುಡುಗ ಸೈಕಲ್ ಹತ್ತಿ ಊರೊಳಗೆ ಬಂದ ಅಂತ ಇಳಿಸಿ ಹೊಡೆದ ದೇಶ ಇದು. ಉಳ್ಳವರ ಬೀದಿ ಬಂದ ಕೂಡಲೆ ಇಳಿದು, ತಲೆ ತಗ್ಗಿಸಿ ತಳ್ಳಿಕೊಂಡು ಹೋಗಬೇಕಿತ್ತು. ಅದೆಲ್ಲ ಹಳೇ ಕಾಲದ ಮಾತು ಅನ್ನೋರು 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ತೆಗೆದು ನೋಡಲಿ. 2015ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಅಂತ ಹೆಸರಿಟ್ಟು ಬರೆಯಬೇಕಾಯಿತು. ಜಾರಿಗೆ ಬಂದದ್ದು 2016ರ ಜನವರಿ 26ಕ್ಕೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಸ್ವಾತಂತ್ರ್ಯ ಬಂದು 68 ವರ್ಷ ಆದ ಮೇಲೆ ಸೈಕಲ್ಲಿಗೊಂದು ಕಾನೂನು! ಈ ಪರಂಪರೆಯನ್ನ ಯಾವ ಹೋಟೆಲಿನ ಗೋಡೆಗೆ ನೇತು ಹಾಕ್ತೀರಿ?

ಇನ್ನು ಆ ಸೀಟಿನ ಕತೆ. ಹಳೇ ಬ್ರೂಕ್ಸ್ ಸೀಟು ಸಿಕ್ಕಿದರೆ ಇವರು ಸವರಿ ಸವರಿ ನೋಡ್ತಾರೆ. 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಕಂಪನಿ ಅದು. ಸೀಟು ದಪ್ಪನೆ ದನದ ತೊಗಲು. ಅದಕ್ಕೆ ಜಿಡ್ಡು ಸವರಬೇಕು, ಜೋಲು ಬಿದ್ದರೆ ಮೂತಿ ಕಡೆಯ ನಟ್ಟು ಬಿಗೀಬೇಕು ಅಂತ ಪಾಠ ಬೇರೆ ಮಾಡ್ತಾರೆ. ಸೀಮೆಯಿಂದ ಬಂದ ತೊಗಲು ಇವರಿಗೆ ಬೆಲೆ ಬಾಳೋ ವಸ್ತು. ಇಲ್ಲಿ ತೊಗಲು ಹದ ಮಾಡಿದ ಮಾದಿಗರ ಕೈ ಮಾತ್ರ ಮೈಲಿಗೆ.

ನಿಜವಾಗಿ ಈ ಕೆಲಸ ಬಲ್ಲವನು ಹಳ್ಳಿ ಬಸ್‌ಸ್ಟಾಂಡಿನ ಪಕ್ಕ ಗೋಣಿಚೀಲ ಹಾಸಿ ಕೂತಿದ್ದಾನೆ. ಹಳೇ ಫ್ರೇಮು ಅಂದರೆ ಉಕ್ಕಿನ ಕೊಳವೆ, ಮೂಲೆಗಳಲ್ಲಿ ಲಗ್ಗು ಕೂರಿಸಿ ಹಿತ್ತಾಳೆ ಕರಗಿಸಿ ಬೆಸೆದದ್ದು. ಬೆಸುಗೆ ಬಿಟ್ಟರೆ ಮತ್ತೆ ಹಿತ್ತಾಳೇನೇ ಹಾಕಬೇಕು. ಅವಸರಕ್ಕೆ ಕರೆಂಟ್ ವೆಲ್ಡಿಂಗ್ ಕೊಟ್ಟರೆ ತೆಳ್ಳನೆ ಕೊಳವೆ ಸುಟ್ಟು ಪಕ್ಕದಲ್ಲೇ ಸೀಳಬಹುದು. ಕಾಟರ್ ಪಿನ್ನು ತುಕ್ಕಿಗೆ ಕಚ್ಚಿಕೊಂಡಿದ್ದರೆ ರಾತ್ರಿಯೆಲ್ಲ ಎಣ್ಣೆ ಕುಡಿಸಿ, ಕ್ರಾಂಕಿನ ಕೆಳಗೆ ಕಬ್ಬಿಣದ ಆಸರೆ ಕೊಟ್ಟು, ಗಟ್ಟಿಯಾಗಿ ಒಂದೇಟು. ಆಸರೆ ಇಲ್ಲದೆ ಬಡಿದರೆ ಒಳಗಿನ ಬಾಲ್ಸು, ಬಟ್ಟಲು ಎಲ್ಲಾ ಹಾಳು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಮೂಟೆ ಕೂರೋದು ಹಿಂದೆ ತಾನೆ. ಒಂದೊಂದೇ ಕಡ್ಡಿ ಬಿಗಿದು, ಸಡಿಲಿಸಿ ಔಟ್ ತೆಗೆಯೋದು ಬರೀ ಕಣ್ಣಳತೆ. ಈ ವಿದ್ಯೆ ಇರುವವನ ಹತ್ತಿರ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಿ, ಆಮೇಲೆ ‘ನಾನೇ ರೆಡಿ ಮಾಡಿದೆ’ ಅಂತ ಫೋಟೋ ಹಾಕೋದು ಎಂಥಾ ಮರ್ಯಾದೆ? ಹಾಲಿನ ಕ್ಯಾನು ಉಜ್ಜಿ ಸವೆದ ಫ್ರೇಮನ್ನ, ರೇಷ್ಮೆಗೂಡಿನ ಮೂಟೆ ಹೊತ್ತು ಬಾಗಿದ ಕ್ಯಾರಿಯರನ್ನ ಕಿತ್ತೆಸೆದು ಹೊಸದು ಹಾಕಿದ ಮೇಲೆ ಅಲ್ಲಿ ಉಳಿದದ್ದು ಕಂಪನಿಯ ಹೆಸರು. ಹೊತ್ತವನ ಗುರುತು ಅಳಿಸಿ ಹೋಯಿತು.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಗುಣಮಟ್ಟದ ಬಗ್ಗೆ ಜಗಳ ಇದ್ದೇ ಇತ್ತು, ಆದರೂ ನಮ್ಮ ಹೆಣ್ಣುಮಕ್ಕಳು ಹೈಸ್ಕೂಲಿಗೆ ತುಳಿದುಕೊಂಡು ಹೋದರು. 2020ರಲ್ಲಿ ಕೊರೋನಾ ನೆಪದಲ್ಲಿ ಅದು ನಿಂತಿತು. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸ್ ಕಂಪನಿಯೂ ಸಾಹಿಬಾಬಾದಿನ ಕಾರ್ಖಾನೆ ಮುಚ್ಚಿ ಕೆಲಸಗಾರರನ್ನು ಬೀದಿಗೆ ಬಿಟ್ಟಿತು. ಸರ್ಕಾರ ಕೊಟ್ಟ ಆ ಸೈಕಲ್ಲುಗಳು ಹಿತ್ತಲಲ್ಲಿ ಟೈರು ಕೊಳೆತು, ಚೈನು ಹಿಡಿದು ನಿಂತಿವೆ. ಅವನ್ನ ಯಾವ ಸಂಗ್ರಹಕಾರನೂ ಕೇಳಲ್ಲ. ವಯಸ್ಸು ಸಾಲದಲ್ಲ!

ಹಳ್ಳಿ ಮೇಷ್ಟ್ರುಗಳಿಗೆ, ಹಾಸ್ಟೆಲ್ ಹುಡುಗರಿಗೆ ನಾವು ಕೇಳೋದು ಇಷ್ಟು. ಆ ಸೈಕಲ್ಲುಗಳನ್ನ ಶಾಲೆ ಅಂಗಳಕ್ಕೆ ತರಿಸಿ. ಮೂರು ಬಿಚ್ಚಿದರೆ ಎರಡಾದರೂ ಓಡ್ತವೆ. ಬಸ್‌ಸ್ಟಾಂಡಿನ ರಿಪೇರಿಯವನನ್ನ ಶನಿವಾರ ಕರೆಸಿ, ಹುಡುಗಿಯರ ಕೈಗೂ ಸ್ಪ್ಯಾನರ್ ಕೊಡಿ. ಕೂಲಿಯನ್ನ ಅವನು ಹೇಳಿದಷ್ಟು ಕೊಡಿ. ಟೀ ಕೊಡೋವಾಗ ಮೇಷ್ಟ್ರು ಕುಡಿಯೋ ಲೋಟದಲ್ಲೇ ಕೊಡಿ.