‘92ವೈ’ ಅಂದರೆ ಏನು?

ನಿಮ್ಮ ಬೀದಿಯಲ್ಲೂ ಸೇನೆಯಿಂದ ನಿವೃತ್ತರಾದ ಒಬ್ಬರು ಇರಬಹುದು. ನಮ್ಮ ಪಕ್ಕದ ಮನೆಯವರು ಅಮೆರಿಕದ ಸೇನೆಯಲ್ಲಿ 12 ವರ್ಷ ಇದ್ದವರು. ಎಷ್ಟು ಕಡೆ ಅರ್ಜಿ ಹಾಕಿದರೂ ಒಂದು ಕರೆಯೂ ಬಂದಿರಲಿಲ್ಲ. ಅವರ ರೆಸ್ಯೂಮೆಯ ಮೊದಲ ಸಾಲು: ‘92ವೈ, ಸ್ಟಾಫ್ ಸಾರ್ಜೆಂಟ್’.

ನನ್ನ 9 ವರ್ಷದ ಮಗಳು ಅದನ್ನು ನೋಡಿ, ಹಾಗಂದರೇನು ಎಂದು ಅವರನ್ನೇ ಕೇಳಿದಳು. ಅವರು ಹೇಳತೊಡಗಿದರು: ತುಕಡಿಗೆ ಬೇಕಾದ ಸಾಮಾನನ್ನೆಲ್ಲ ತರಿಸಿ ಲೆಕ್ಕವಿಡುವುದು, ಕೈಕೆಳಗೆ 8 ಹುಡುಗರು, ಲಾರಿ ಬಾರದ ದಿನ ಎಲ್ಲರನ್ನೂ ಸಮಾಧಾನಪಡಿಸಿ ಇದ್ದುದರಲ್ಲೇ ಹಂಚಿದ್ದು. ನಾನು ಅದನ್ನೇ ಬರೆದುಕೊಂಡೆ. ತಂಡ ನಡೆಸುವುದು, ಒತ್ತಡದಲ್ಲಿ ತೀರ್ಮಾನ, ಮನವೊಲಿಕೆ ಎಲ್ಲ ಅದರಲ್ಲಿತ್ತು.

ನೀವೂ ಹೀಗೆ ನೆರವಾಗಬಹುದು. ಹುದ್ದೆಯ ಹೆಸರು ಬಿಟ್ಟು ಒಂದು ಘಟನೆ ಕೇಳಿ: ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ಏನು ಮಾಡಿದಿರಿ, ಕೊನೆಗೆ ಏನಾಯಿತು? ಸೈನಿಕರ ಬಾಯಲ್ಲಿ ಬರುವುದು ‘ನಾವು’. ಸಂದರ್ಶನಕ್ಕೆ ‘ನಾನು’ ಬೇಕು. ಅದು ಜಂಬವಲ್ಲ ಎಂದು ಧೈರ್ಯ ಹೇಳಿ. ಅಮೆರಿಕದಲ್ಲಿ ಓನೆಟ್ ಜಾಲತಾಣಕ್ಕೆ ಸೇನೆಯ ಸಂಕೇತ ಕೊಟ್ಟರೆ ಹೊಂದುವ ನಾಗರಿಕ ಉದ್ಯೋಗಗಳ ಪಟ್ಟಿ ಸಿಗುತ್ತದೆ. ಆದರೆ ಲಾರಿ ಬಾರದ ದಿನದ ಕಥೆಯನ್ನು ಅವರೇ ಹೇಳಬೇಕು.

ನಮ್ಮ ಮಕ್ಕಳಿಗೆ ಇದು ಹೊಸದಲ್ಲ. ಊರಿನ ಅಜ್ಜಿಗೆ ಫೋನಿನಲ್ಲಿ ಶಾಲೆಯ ‘ಶೋ ಅಂಡ್ ಟೆಲ್’ ವಿವರಿಸುವಾಗ ಅವರು ಪದಕ್ಕೆ ಪದ ಹುಡುಕುವುದಿಲ್ಲ, ಅಲ್ಲಿ ನಡೆದದ್ದನ್ನು ಹೇಳುತ್ತಾರೆ.

ಹೋದ ವಾರ ನೆರೆಯವರಿಗೆ ಮೊದಲ ಸಂದರ್ಶನದ ಕರೆ ಬಂತು. ನಾಳೆ ಸಂಜೆ ನಮ್ಮನೆಯಲ್ಲಿ ಅಭ್ಯಾಸ. ಪ್ರಶ್ನೆ ಕೇಳುವವಳು ಮಗಳೇ.